ಹನೋಯ್‌ನಲ್ಲಿ ಇವರು ಕನ್ನಡದಲ್ಲೇ ಮಾತಾಡಿದರು

ಹನೋಯ್‌ಗೆ ಹೋಗುವುದೆಂದು ನಿಶ್ಚಯ ಮಾಡಿದವಳು ಮಗಳು. ನಾನು ಸಿಂಗಪುರ ಎಂದಿದ್ದೆ, ಇವರು ಎಲ್ಲಿಗೂ ಬೇಡ ಎಂದಿದ್ದರು. ‘ವಿಯೆಟ್ನಾಂ ಆದ್ರೆ ಖರ್ಚು ಕಡಿಮೆ, ಮೂರು ಹೊತ್ತೂ ಅನ್ನ ಸಿಗುತ್ತೆ, ಅಪ್ಪಂಗೆ ಬೇಕಾದಷ್ಟು ಮೀನು ಸಿಗುತ್ತೆ’ ಎಂದು ಅವಳೇ ಇ-ವೀಸಾ ಮಾಡಿಸಿ, ವಿಮಾನದ ಟಿಕೆಟ್ಟು, ಹನೋಯ್‌ನಿಂದ ಸೈಗಾನ್‌ಗೆ ರೈಲಿನ ಟಿಕೆಟ್ಟು, ಎರಡೂ ಊರಿನಲ್ಲಿ ಹೋಟೆಲಿನ ರೂಮು ಎಲ್ಲ ಗೊತ್ತು ಮಾಡಿ, ಕಾಗದಗಳನ್ನು ಒಂದು ಪ್ಲಾಸ್ಟಿಕ್ ಫೈಲಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ನಮ್ಮ ಮನೆಯಲ್ಲಿ ಕಾಗದ ಯಾವತ್ತೂ ಬರುವುದು ನನ್ನ ಕೈಗೇ.

ಅದಕ್ಕೆ ಕಾರಣವಿದೆ. ನಾನು ಸಾಗರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿರುವವಳು. ಇವರು ಎಸ್ಸೆಸ್ಸೆಲ್ಸಿ ಮುಗಿಸಿ ಮೊದಲು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆದರು, ಆಮೇಲೆ ಸರ್ಕಾರಿ ಬಸ್ಸಿನ ಡ್ರೈವರ್ ಆದರು. ಬಾಳೆಬರೆ ಘಾಟಿಯನ್ನು ಮಳೆಗಾಲ ಬೇಸಿಗೆ ಎನ್ನದೆ ಎಷ್ಟು ಸಾವಿರ ಸಲ ಹತ್ತಿಳಿದಿದ್ದಾರೋ ಅವರಿಗೇ ಲೆಕ್ಕವಿಲ್ಲ. ಡ್ಯೂಟಿಯಲ್ಲಿದ್ದಷ್ಟು ದಿನ ಇವರ ಮಾತಿಗೆ ತಡೆ ಅನ್ನುವುದಿರಲಿಲ್ಲ. ಯಾವ ಊರಿನ ಸ್ಟಾಪಿನಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ತೋಟಕ್ಕೆ ಕೊಳೆರೋಗ ಬಂತು ಎಲ್ಲವೂ ರಾತ್ರಿ ಊಟದ ಜೊತೆಗೆ ನನಗೆ ಬಡಿಸಲ್ಪಡುತ್ತಿತ್ತು.

ಎರಡು ವರ್ಷದ ಹಿಂದೆ ನಿವೃತ್ತರಾದ ಮೇಲೆ ವರ್ಷದಲ್ಲಿ ನಾಲ್ಕೈದು ತಿಂಗಳು ಬೆಂಗಳೂರಿನ ಮಗಳ ಫ್ಲ್ಯಾಟಿನಲ್ಲಿ ಇರತೊಡಗಿದರು. ಅಲ್ಲಿ ಮಾತು ನಿಂತಿತು. ಲಿಫ್ಟಿನಲ್ಲಿ ಸಿಗುವ ಮಕ್ಕಳದ್ದು ಇಂಗ್ಲಿಷ್, ಗೇಟಿನ ಸೆಕ್ಯೂರಿಟಿಯವರದ್ದು ಹಿಂದಿ, ಮೂರು ವರ್ಷದ ಮೊಮ್ಮಗನೂ ‘ತಾತಾ, ಮೂವ್’ ಅನ್ನುತ್ತಾನೆ. ನಾನು ರಜೆಗೆ ಹೋದಾಗ ಮಾಲ್‌ಗೋ ಆಸ್ಪತ್ರೆಗೋ ಜೊತೆಯಲ್ಲಿ ಹೋದರೆ ಕೌಂಟರಿನ ಮುಂದೆ ಒಂದು ಹೆಜ್ಜೆ ಹಿಂದೆ ನಿಂತುಬಿಡುತ್ತಿದ್ದರು. ‘ನೀನೇ ಕೇಳು.’ ಈ ಎರಡು ವರ್ಷದಲ್ಲಿ ಇವರು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು ಇದೇ. ಊರಿಗೆ ವಾಪಸ್ಸು ಬಂದರೂ ಆ ಒಂದು ಹೆಜ್ಜೆ ಹಿಂದೆ ನಿಲ್ಲುವ ಅಭ್ಯಾಸ ಇವರ ಜೊತೆಗೇ ಬಂದಿತ್ತು.

ಹೀಗಿರುವಾಗ ದಸರಾ ರಜೆಗೆ ನಾಲ್ಕು ಸಿಎಲ್ ಸೇರಿಸಿ ನಾವು ಹೊರಟೆವು.

ನೋಯ್ ಬಾಯ್ ವಿಮಾನ ನಿಲ್ದಾಣದಿಂದ ಹನೋಯ್ ಪೇಟೆಗೆ ಸುಮಾರು 30 ಕಿಲೋಮೀಟರು. ಮಗಳು ಟ್ಯಾಕ್ಸಿ ಹಿಡಿಯಿರಿ ಎಂದು ಒತ್ತಿ ಹೇಳಿದ್ದಳು. ಹೊರಗೆ ಬಂದರೆ 86ನೇ ನಂಬರಿನ ಬಸ್ಸು ನಿಂತಿತ್ತು. ಇವರು ನನ್ನನ್ನು ಕೇಳಲೂ ಇಲ್ಲ, ಸೀದಾ ಹೋಗಿ ಹತ್ತಿ, ಡ್ರೈವರಿಗೆ ಹತ್ತಿರದ ಸೀಟು ಹಿಡಿದು ಕೂತರು. ಅಲ್ಲಿ ಸ್ಟೇರಿಂಗು ಎಡಕ್ಕೆ, ಬಸ್ಸು ಓಡುವುದು ರಸ್ತೆಯ ಬಲಕ್ಕೆ. ಪ್ರತಿ ತಿರುವಿನಲ್ಲೂ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕೆಂಪು ನದಿಯ ದೊಡ್ಡ ಸೇತುವೆ ದಾಟುವ ಹೊತ್ತಿಗೆ ಕಾಲು ಸುಮ್ಮನಾಗಿತ್ತು. ‘ಒಳ್ಳೆ ಕೈ. ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡ್ಸಲ್ಲ’ ಎಂದರು. ಪರದೇಶದ ಬಗ್ಗೆ ಇವರ ಮೊದಲ ಅಭಿಪ್ರಾಯ ಇದು.

ಅಲ್ಲಿನ ದುಡ್ಡಿಗೆ ಡಾಂಗ್ ಎನ್ನುತ್ತಾರೆ. ನಮ್ಮ ಒಂದು ರೂಪಾಯಿಗೆ ಹತ್ತಿರ ಹತ್ತಿರ ಮುನ್ನೂರು ಡಾಂಗ್ ಲೆಕ್ಕ. ಹತ್ತು ಸಾವಿರ ರೂಪಾಯಿ ಬದಲಾಯಿಸಿದರೆ ಮೂವತ್ತು ಲಕ್ಷದ ಸಾಹುಕಾರರು. ಒಂದು ಚಿಪ್ಪು ಬಾಳೆಹಣ್ಣಿಗೆ ಇಪ್ಪತ್ತು ಸಾವಿರ ಎಂದಾಗ ನನಗೆ ಎದೆ ಧಸಕ್ಕೆಂದಿತು. ಇಪ್ಪತ್ತು ಸಾವಿರದ ನೋಟೂ ಐದು ಲಕ್ಷದ ನೋಟೂ ನೀಲಿ ಬಣ್ಣದವೇ, ಎರಡರ ಮೇಲೂ ಹೋ ಚಿ ಮಿನ್‌ರ ಮುಖವೇ. ನಾನು ಸೊನ್ನೆ ಎಣಿಸುತ್ತಾ ನಿಂತರೆ ಇವರು ನೋಟುಗಳನ್ನು ಉದ್ದಕ್ಕೆ ಮಡಿಸಿ, ಒಂದೊಂದು ಬಗೆಯದನ್ನು ಒಂದೊಂದು ಬೆರಳಿನ ಸಂದಿಗೆ ಸಿಕ್ಕಿಸಿಕೊಂಡರು. ಮೂವತ್ತೈದು ವರ್ಷದ ಹಿಂದಿನ ಕಂಡಕ್ಟರಿಕೆ. ಆದರೆ ಹತ್ತು ಸಾವಿರದಿಂದ ಮೇಲಿನ ನೋಟುಗಳೆಲ್ಲ ಪ್ಲಾಸ್ಟಿಕ್ಕಿನವು, ಮಡಿಸಿದರೂ ಪಟಕ್ಕನೆ ಬಿಚ್ಚಿಕೊಳ್ಳುತ್ತವೆ. ಹಣ್ಣು ಮಾರುವ ಹೆಂಗಸು ಇದನ್ನು ನೋಡಿ ನಕ್ಕಳು. ಇವರೂ ನಕ್ಕು, ‘ನಿಮ್ಮ ನೋಟಿಗೆ ಸೊಕ್ಕು ಜಾಸ್ತಿ ಮಾರಾಯ್ತಿ’ ಎಂದರು. ಅಚ್ಚ ಕನ್ನಡದಲ್ಲಿ. ಆಕೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರಿಗೂ ಸಮಾಧಾನವಾದಂತೆ ಕಂಡಿತು. ನಾನು ಫೈಲು ಹಿಡಿದು ನಿಂತಿದ್ದೆ.

ಹನೋಯ್ ಬಗ್ಗೆ ಬರೆಯುವವರೆಲ್ಲ ರಸ್ತೆ ದಾಟುವುದರ ಬಗ್ಗೆ ಬರೆಯುತ್ತಾರೆ. ನಾನೂ ಬರೆಯದೆ ಬೇರೆ ದಾರಿಯಿಲ್ಲ. ಎಂಬತ್ತು ಲಕ್ಷಕ್ಕೂ ಹೆಚ್ಚು ಜನರ ಆ ಊರಿನಲ್ಲಿ ಬೈಕು ಸ್ಕೂಟರುಗಳೇ ಅರವತ್ತು ಲಕ್ಷದ ಮೇಲಿವೆ. ಹಳೇಪೇಟೆಯ ರಸ್ತೆಗಳು ನಮ್ಮ ಚಿಕ್ಕಪೇಟೆಯಷ್ಟೇ ಕಿರಿದು. ಫುಟ್‌ಪಾತ್ ಎನ್ನುವುದು ಗಾಡಿ ನಿಲ್ಲಿಸಲಿಕ್ಕೆ ಮತ್ತು ಪ್ಲಾಸ್ಟಿಕ್ ಸ್ಟೂಲು ಹಾಕಿಕೊಂಡು ಊಟ ಮಾಡಲಿಕ್ಕೆ. ಹಾಗಾಗಿ ನಡೆಯುವವರು ರಸ್ತೆಯಲ್ಲೇ ನಡೆಯಬೇಕು. ಹೋಆನ್ ಕಿಯೆಮ್ ಸರೋವರದ ಪಕ್ಕ ಬಿಳಿ ಪಟ್ಟೆಯ ಮುಂದೆ ನಾನು ನಿಂತೇ ನಿಂತೆ. ಹೊಳೆ ನೀರಿನಂತೆ ಬೈಕುಗಳು. ಒಂದರ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು. ಇನ್ನೊಂದರ ಮೇಲೆ ಸವಾರನೇ ಕಾಣದಷ್ಟು ಹೂವಿನ ಹೊರೆ. ಮತ್ತೊಂದರ ಮೇಲೆ ನಿಲ್ಲಿಸಿ ಕಟ್ಟಿದ ಫ್ರಿಜ್ಜು. ಬೆಂಗಳೂರಿನಲ್ಲಿ ರಸ್ತೆ ದಾಟುವ ವಿದ್ಯೆ ನನಗೆ ಗೊತ್ತು: ಕೈ ಅಡ್ಡ ಹಿಡಿಯುವುದು, ದೇವರ ಹೆಸರು ಹೇಳುವುದು, ಓಡುವುದು.

ಇವರು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಹೇಳಿದರು: ‘ನೋಡೆ, ಇಲ್ಲಿ ಯಾರೂ ಸ್ಪೀಡಿಲ್ಲ. ಮೂವತ್ತರ ಮೇಲೆ ಒಬ್ಬನೂ ಹೋಗ್ತಿಲ್ಲ. ಹಾರ್ನು ಸಿಟ್ಟಿಗೆ ಹೊಡಿತಿಲ್ಲ, ನಾ ಬಂದೆ ಅಂತ ಹೇಳೋಕೆ ಹೊಡಿತಾರೆ. ಇನ್ನೊಂದು ಗಳಿಗೆಗೆ ನಾವು ಎಲ್ಲಿರ್ತೀವಿ ಅಂತ ಅವರಿಗೆ ಗೊತ್ತಾಗ್ಬೇಕು, ಅಷ್ಟೆ. ಓಡಬೇಡ, ನಿಲ್ಲಬೇಡ, ಹಿಂದೆ ಸರೀಬೇಡ. ಬಸ್ಸು, ಕಾರು ಬಂದ್ರೆ ಮಾತ್ರ ಬಿಟ್ಬಿಡು, ಅವು ಬಳಸಿ ಹೋಗಲ್ಲ.’

ನನ್ನ ಕೈ ಹಿಡಿದು ಇಳಿದರು. ನಾವು ನಡೆದ ಹಾಗೆ ಬೈಕುಗಳು ಎರಡೂ ಬದಿಗೆ ಸೀಳಿಕೊಂಡು ಹೋದವು. ಒಬ್ಬನೂ ಬ್ರೇಕು ಒತ್ತಲಿಲ್ಲ, ಒಬ್ಬನೂ ನಮ್ಮನ್ನು ಬೈಯಲಿಲ್ಲ, ಮುಖ ಎತ್ತಿ ನೋಡಲೂ ಇಲ್ಲ. ಆಚೆ ದಡ ಸೇರಿದ ಮೇಲೂ ಇವರು ಕೈ ಬಿಟ್ಟಿರಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ. ನಮ್ಮ ಕಡೆ ಗಂಡ ಹೆಂಡತಿ ರಸ್ತೆಯಲ್ಲಿ ಕೈ ಹಿಡಿದು ನಡೆಯುವುದು ಸಪ್ತಪದಿಯ ದಿನ ಬಿಟ್ಟರೆ ಇಲ್ಲ. ಅಲ್ಲಿ ಇದ್ದಷ್ಟು ದಿನ ದಿನಕ್ಕೆ ಇಪ್ಪತ್ತು ಸಲ ಹಿಡಿದೆವು, ಟ್ರಾಫಿಕ್ಕಿನ ನೆವದಲ್ಲಿ.

ನನ್ನ ಇಂಗ್ಲಿಷಿನ ಕಥೆ ಬೇರೆ. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿಗೆ ಇಂಗ್ಲಿಷ್ ಬರುತ್ತಿತ್ತು. ಅವಳಿಂದ ಹತ್ತು ಮಾರು ಆಚೆ ಹೋದರೆ ಆ ಭಾಷೆ ನಮ್ಮ ಹಳೇ ನಾಲ್ಕಾಣೆಯ ಹಾಗೆ. ವಿಯೆಟ್ನಾಮಿನವರು ಬರೆಯುವುದು ರೋಮನ್ ಅಕ್ಷರಗಳಲ್ಲಿ. 17ನೆಯ ಶತಮಾನದಲ್ಲಿ ಬಂದ ಜೆಸ್ಯೂಟ್ ಪಾದ್ರಿಗಳು ಆ ಭಾಷೆಯನ್ನು ತಮ್ಮ ಲಿಪಿಗೆ ಇಳಿಸಿದರು, ಅಲೆಕ್ಸಾಂಡರ್ ದ ರೋಡ್ಸ್ ಎಂಬವರ ನಿಘಂಟು 1651ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. (ನಮ್ಮ ಕಿಟೆಲ್ ಸಾಹೇಬರು ನಿಘಂಟು ಮಾಡಿಕೊಟ್ಟರೂ ನಮ್ಮ ಲಿಪಿಯನ್ನು ನಮಗೇ ಬಿಟ್ಟರು, ಪುಣ್ಯ.) ಹಾಗಾಗಿ ಅಲ್ಲಿನ ಪ್ರತಿಯೊಂದು ಬೋರ್ಡನ್ನೂ ನಾನು ಓದಬಲ್ಲೆ ಅನ್ನಿಸುತ್ತದೆ, ಓದಿದರೆ ಏನೂ ಆಗುವುದಿಲ್ಲ. ‘ಮ’ ಎಂಬ ಒಂದೇ ಉಚ್ಚಾರಕ್ಕೆ ಆರು ರಾಗ, ಆರು ಅರ್ಥ: ದೆವ್ವ, ಆದರೆ, ಗೋರಿ, ಕುದುರೆ, ಸೈಗಾನ್ ಕಡೆಯಲ್ಲಿ ಅಮ್ಮ, ಕೊನೆಯದು ಭತ್ತದ ಸಸಿ. ದೆವ್ವದಿಂದ ಭತ್ತದ ಸಸಿಗೆ ಇರುವ ದೂರ ಗಂಟಲಿನ ಒಂದು ಏರಿಳಿತ.

ಮೊದಲ ಮಧ್ಯಾಹ್ನ ಒಂದು ಗಲ್ಲಿಯ ಅನ್ನದಂಗಡಿಯಲ್ಲಿ ನಾನು ಮೀನು ಕೇಳಿದೆ. ಮೀನಿಗೆ ‘ಕಾ’ ಅನ್ನಬೇಕೆಂದು ವಿಮಾನದಲ್ಲೇ ಕಲಿತಿದ್ದೆ. ಆದರೆ ದನಿ ಮೇಲೆ ಏರಬೇಕು. ಇಳಿದರೆ ಅದು ಬದನೆ, ಟೊಮ್ಯಾಟೊಗಳ ಕುಲದ ಹೆಸರು. ಅಂಗಡಿಯಾಕೆ ನನ್ನ ಮುಖವನ್ನೇ ನೋಡಿದಳು. ನಾನು ಮೊಬೈಲು ತೆಗೆದು ಅನುವಾದದ ಆ್ಯಪಿನಲ್ಲಿ ಬರೆಯತೊಡಗಿದೆ. ಅವಳ ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಅಷ್ಟರಲ್ಲಿ ಇವರು ಎದ್ದು ಹೋಗಿ, ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು ಮೀನು ಈಜುವಂತೆ ಆಡಿಸಿ, ‘ಇದು ಬೇಕು. ದನದ್ದು ಬೇಡ’ ಎಂದು ತಲೆಯ ಮೇಲೆ ಎರಡು ಬೆರಳಿನ ಕೊಂಬು ಇಟ್ಟು ತಲೆಯಾಡಿಸಿದರು. ಅಂಗಡಿಯೆಲ್ಲ ನಕ್ಕಿತು. ಬಿಸಿ ಅನ್ನದ ಮೇಲೆ ಕೆಂಪಗೆ ಕುದಿಸಿದ ಮೀನು ಬಂತು. ಇವರ ತಟ್ಟೆಯಲ್ಲಿ ಒಂದು ತುಂಡು ಜಾಸ್ತಿಯೇ ಇತ್ತು.

ಇದು ನನಗೆ ಹೊಸದಾಗಿ ಕಂಡ ಮನುಷ್ಯ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯ ಅಡುಗೆ ಚಪ್ಪರದಲ್ಲಿ ನಾನು ಕಂಡಿದ್ದ ಮನುಷ್ಯನೇ. ಬೆಂಗಳೂರಿನ ಲಿಫ್ಟಿನಲ್ಲಿ ಕಳೆದುಹೋಗಿದ್ದವರು ಹನೋಯ್‌ನ ಗಲ್ಲಿಯಲ್ಲಿ ಸಿಕ್ಕರು. ಯಾಕಿರಬಹುದು ಎಂದು ನಾನು ಬಹಳ ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟು: ಬೆಂಗಳೂರಿನಲ್ಲಿ ಇವರಿಗೆ ಬಾರದ ಭಾಷೆ ಉಳಿದವರಿಗೆಲ್ಲ ಬರುತ್ತದೆ. ಇಲ್ಲಿ ಬಾರದ ಭಾಷೆ ನನಗೂ ಬಾರದು, ಆ ಆರಡಿ ಎತ್ತರದ ಜರ್ಮನಿಯವನಿಗೂ ಬಾರದು. ‘ಹೇಗಿದ್ರೂ ಅರ್ಥ ಆಗಲ್ಲ ಅಂದ್ಮೇಲೆ ಕನ್ನಡದಲ್ಲೇ ಅರ್ಥ ಆಗದೇ ಇರ್ಲಿ ಬಿಡು’ ಎಂದರು ಇವರು. ‘ನೀನೇ ಕೇಳು’ ಎನ್ನುವುದು ನಿಂತಿತ್ತು. ಎರಡನೇ ದಿನ ಸಂಜೆ ರೈಲ್ವೇ ಸ್ಟೇಷನ್ನಿನ ದಾರಿ ಕೇಳಬೇಕಾದಾಗ ‘ರೀ, ನೀವೇ ಕೇಳಿ’ ಎಂದವಳು ನಾನು.

ಆ ದೇಶದಲ್ಲಿ ಎದುರಿಗಿರುವವರು ತನಗಿಂತ ದೊಡ್ಡವರೋ ಚಿಕ್ಕವರೋ ತಿಳಿಯದೆ ಬಾಯಿ ತೆರೆಯಲಿಕ್ಕೇ ಆಗುವುದಿಲ್ಲ. ‘ನಾನು’, ‘ನೀನು’ ಎನ್ನುವುದಕ್ಕೆ ಅಲ್ಲಿ ಅಣ್ಣ, ಅಕ್ಕ, ತಮ್ಮ, ಚಿಕ್ಕಪ್ಪ, ಅಜ್ಜ ಎಂಬ ಸಂಬಂಧದ ಹೆಸರುಗಳೇ. ಅದಕ್ಕೇ ಮೊದಲು ವಯಸ್ಸು ಕೇಳುತ್ತಾರೆ. ಇದನ್ನು ನಮಗೆ ವಿವರಿಸಿದ್ದು ಹೋಟೆಲಿನ ಹುಡುಗಿ. ಇವರಿಗೆ ಬಹಳ ಹಿಡಿಸಿತು. ಬಸ್ಸಿನಲ್ಲೂ ಹಾಗೇ ಅಲ್ಲವೇ, ‘ಅಜ್ಜಾ ಒಳಗೆ ಬನ್ನಿ, ಅಕ್ಕಾ ಚೀಲ ಎತ್ತಿಟ್ಕೊಳಿ’ ಅನ್ನದೆ ಕಂಡಕ್ಟರಿಕೆ ಆದೀತೇ ಎಂದರು. ಆದರೆ ಅಲ್ಲಿ ಹೆಂಡತಿ ಗಂಡನನ್ನು ಕರೆಯುವುದೂ ‘ಅನ್’ ಎಂದೇ, ಅಂದರೆ ಅಣ್ಣ ಎಂದೇ, ಎಂದು ಹುಡುಗಿ ಹೇಳಿದ್ದನ್ನು ನಾನು ಕನ್ನಡಕ್ಕೆ ತಿರುಗಿಸಿದಾಗ ಇವರ ಮುಖ ನೋಡುವಂತಿತ್ತು. ‘ಅದೊಂದು ಬೇಡ. ನೀನು ರೀ ಅಂತಲೇ ಅನ್ನು.’

ಹನೋಯ್ ಹಳೇಪೇಟೆಯ ಬೀದಿಗಳ ಹೆಸರು ಹೆಚ್ಚಾಗಿ ‘ಹಾಂಗ್’ ಎಂದು ಶುರುವಾಗುತ್ತವೆ. ಹಾಂಗ್ ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯವರ ಬೀದಿ, ಹಾಂಗ್ ಥಿಯೆಕ್ ತಗಡಿನವರದು. ಅಕ್ಕಿಪೇಟೆ, ಬಳೆಪೇಟೆ ಇದ್ದ ಹಾಗೆ. ಎಷ್ಟೋ ಬೀದಿಗಳಲ್ಲಿ ಹೆಸರು ಮಾತ್ರ ಉಳಿದು ಸರಕು ಬದಲಾಗಿದೆ, ಅದೂ ನಮ್ಮ ಹಾಗೆಯೇ. ಹಾಂಗ್ ಥಿಯೆಕ್‌ನಲ್ಲಿ ಮಾತ್ರ ಇವತ್ತಿಗೂ ಬೆಳಿಗ್ಗೆಯಿಂದ ಸಂಜೆವರೆಗೆ ತಗಡು ಬಡಿಯುವ ಸದ್ದು. ಹಾಂಗ್ ಮಾ ಎಂಬಲ್ಲಿ ಸತ್ತವರಿಗಾಗಿ ಸುಡುವ ಕಾಗದದ ಸಾಮಾನು ಮಾರುತ್ತಾರೆ: ಕಾಗದದ ನೋಟಿನ ಕಟ್ಟು, ಕಾಗದದ ಅಂಗಿ, ಕಾಗದದ ಮನೆ, ಕಾಗದದ ಬೈಕು. ಇವರು ಬೈಕಿನ ಮುಂದೆ ಬಗ್ಗಿ ನೋಡುತ್ತಾ ನಿಂತರು. ಕನ್ನಡಿ, ಇಂಡಿಕೇಟರು, ನಂಬರ್ ಪ್ಲೇಟು ಎಲ್ಲ ಇದ್ದವು. ‘ನಂಗೂ ಒಂದು ಬಸ್ಸು ಸುಡಿಸು’ ಎಂದರು. ನಾನು ರೇಗಿದೆ. ಪಕ್ಷ ಮಾಸದಲ್ಲಿ ನಾವು ಹಿರಿಯರಿಗೆ ಎಡೆ ಇಟ್ಟು ಅವರಿಗೆ ಇಷ್ಟವಾದ ಬೀಡಿ ಕಟ್ಟನ್ನೂ ಇಡುತ್ತೇವಲ್ಲ, ಅದಕ್ಕಿಂತ ಇದೇನು ಬೇರೆ ಎಂಬುದು ಇವರ ವಾದ. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಸಾಹಿತ್ಯ ಮಂದಿರವೆಂದು ಕರೆಯುವ 1070ರ ಕನ್ಫ್ಯೂಷಿಯಸ್ ಗುಡಿಯಲ್ಲಿ ಕಲ್ಲಿನ ಆಮೆಗಳ ಬೆನ್ನಿನ ಮೇಲೆ 82 ಶಾಸನಗಳಿವೆ. 1442ರಿಂದ 1779ರವರೆಗೆ ರಾಜರ ಪರೀಕ್ಷೆ ಪಾಸಾದವರ ಹೆಸರುಗಳು. ಮೇಷ್ಟರ ಜಾತಿಯವಳಾದ ನನಗೆ ಆ ಜಾಗ ಬಿಟ್ಟು ಬರಲು ಮನಸ್ಸಾಗಲಿಲ್ಲ. ಡಿಗ್ರಿ ಗೌನು ತೊಟ್ಟ ಹುಡುಗ ಹುಡುಗಿಯರು ಅದರ ಮುಂದೆ ಫೋಟೋ ಹೊಡೆಸಿಕೊಳ್ಳುತ್ತಿದ್ದರು. ಶಾಸನವಿರುವುದು ಹಳೆಯ ಚೀನೀ ಲಿಪಿಯಲ್ಲಿ. ತಮ್ಮದೇ ಊರಿನ ರ‍್ಯಾಂಕ್ ವಿದ್ಯಾರ್ಥಿಗಳ ಹೆಸರನ್ನು ಈಗಿನ ಹೆಚ್ಚಿನವರು ಓದಲಾರರು. ಅಕ್ಷರ ಬಲ್ಲವರೇ ಅನಕ್ಷರಸ್ಥರಾಗಿ ನಿಂತ ಆ ಗುಂಪಿನಲ್ಲಿ ನಾನೂ ಒಬ್ಬಳು.

ಇವರಿಗೆ ಇಷ್ಟವಾದದ್ದು ಲಾಂಗ್ ಬಿಯೆನ್ ಸೇತುವೆ. ಫ್ರೆಂಚರ ಕಾಲದಲ್ಲಿ, 1899ರಿಂದ 1902ರ ನಡುವೆ ಕೆಂಪು ನದಿಗೆ ಅಡ್ಡಲಾಗಿ ಕಟ್ಟಿದ ಕಬ್ಬಿಣದ ಸೇತುವೆ. ಅಮೆರಿಕದವರು ಯುದ್ಧದಲ್ಲಿ ಮತ್ತೆ ಮತ್ತೆ ಬಾಂಬು ಹಾಕಿದರು, ಇವರು ಮತ್ತೆ ಮತ್ತೆ ತೇಪೆ ಹಾಕಿದರು. ಮೂಲ ಕಮಾನುಗಳು ಎಲ್ಲಿ ಉಳಿದಿವೆ, ಎಲ್ಲಿ ಹೋಗಿವೆ ಎಂದು ಕಣ್ಣಿಗೇ ಕಾಣುತ್ತದೆ. ನಡುವೆ ರೈಲು, ಎರಡು ಪಕ್ಕದಲ್ಲಿ ಬೈಕು ಸೈಕಲ್ಲು, ಕಾರಿಗೆ ಪ್ರವೇಶವಿಲ್ಲ. ನಾವು ಬೆಳಿಗ್ಗೆ ಆರಕ್ಕೇ ಅಲ್ಲಿಗೆ ನಡೆದಿದ್ದೆವು. ಕಾಲು ಭಾಗ ಸೇತುವೆ ದಾಟಿರಬಹುದು, ಇವರು ಗಕ್ಕನೆ ನಿಂತರು. ‘ಏ, ಇಲ್ಲಿ ಎಲ್ಲಾ ಎಡಗಡೆ ಹೋಗ್ತಿದಾರೆ!’ ನಿಜ. ಇಡೀ ದೇಶ ಬಲಗಡೆ ಓಡಿಸಿದರೆ ಈ ಸೇತುವೆಯ ಮೇಲೆ ಮಾತ್ರ ಗಾಡಿಗಳು ಎಡಗಡೆ. ನಾನು ಇದನ್ನು ಎಲ್ಲೂ ಓದಿರಲಿಲ್ಲ, ಆಮೇಲೆ ಹುಡುಕಿ ನೋಡಿದರೆ ಸರಿಯಾಗಿಯೇ ಇತ್ತು. ಕೆಳಗೆ ನದಿಯ ನಡುಗಡ್ಡೆಯಲ್ಲಿ ಬಾಳೆ ತೋಟ. ಕಂಬಿ ಹಿಡಿದು ನಿಂತು ಇವರು ಅರ್ಧ ಗಂಟೆ ಮಾತಾಡಿದರು. ಕಂಡಕ್ಟರ್ ಆಗಿದ್ದಾಗಿನ ಒಂದು ರಾತ್ರಿ, ಮಳೆಯಲ್ಲಿ ನಿಂತುಹೋದ ಬಸ್ಸು, ಹೆರಿಗೆ ನೋವು ಬಂದ ಹೆಂಗಸು. ಮೂವತ್ತೊಂದು ವರ್ಷದಲ್ಲಿ ನನಗೆ ಹೇಳದಿದ್ದ ಕಥೆಯೂ ಇವರಲ್ಲಿ ಇನ್ನೂ ಇತ್ತು!

ಸೈಗಾನ್‌ಗೆ 1,726 ಕಿಲೋಮೀಟರಿನ ರೈಲು, ಮೂವತ್ತು ಗಂಟೆಗೂ ಮೀರಿದ ಪ್ರಯಾಣ. ಅದರಲ್ಲಿ ನೆನಪಿರುವುದು ಹಾಯ್ ವಾನ್ ಘಾಟಿಯಲ್ಲಿ ಕಿಟಕಿಯ ಕೆಳಗೇ ಸಮುದ್ರ ಕಂಡದ್ದು ಮತ್ತು ಎದುರು ಬರ್ತಿನ ಸಂಸಾರದ ಜೊತೆ ಇವರು ಇಸ್ಪೀಟು ಆಡಿ ಸೋತದ್ದು.

ಸೈಗಾನ್‌ಗೆ 1976ರಲ್ಲಿ ಹೋ ಚಿ ಮಿನ್ ನಗರ ಎಂದು ಹೆಸರಿಟ್ಟರೂ ರೈಲ್ವೇ ಸ್ಟೇಷನ್ನಿನ ಹೆಸರು ಇನ್ನೂ ಸೈಗಾನ್ ಎಂದೇ ಇದೆ, ಜನರ ಬಾಯಲ್ಲೂ ಅದೇ. ಹನೋಯ್ ಹಳೇ ಮನೆಯಾದರೆ ಇದು ಜಾತ್ರೆ. ರಸ್ತೆ ಅಗಲ, ಸೆಖೆ ಜಾಸ್ತಿ, ಸಂಜೆಯಾದರೆ ಕೊಡ ಮಗುಚಿದಂಥ ಮಳೆ. ಅಧ್ಯಕ್ಷರ ಹಳೆಯ ಅರಮನೆಯ ಹುಲ್ಲುಹಾಸಿನಲ್ಲಿ 390, 843 ಎಂದು ನಂಬರು ಬರೆದ ಎರಡು ಟ್ಯಾಂಕು ನಿಲ್ಲಿಸಿದ್ದಾರೆ. 1975ರ ಏಪ್ರಿಲ್ 30ರಂದು ಆ ನಂಬರಿನ ಟ್ಯಾಂಕುಗಳು ಗೇಟಿಗೆ ನುಗ್ಗಿದಲ್ಲಿಗೆ ಯುದ್ಧ ಮುಗಿಯಿತು. 843ರ ನಾಯಕ ಬುಯಿ ಕ್ವಾಂಗ್ ಥಾನ್ ಮಹಡಿ ಹತ್ತಿ ಬಾವುಟ ಏರಿಸಿದ ಎಂದು ನಾನು ಓದಿ ಹೇಳಿದೆ. ಇವರು ಟ್ಯಾಂಕನ್ನು ಒಂದು ಸುತ್ತು ಬಂದು ಕೇಳಿದರು: ‘ಓಡಿಸ್ದೋನ ಹೆಸರೇನು?’

ಮರುದಿನ ಹುಣ್ಣಿಮೆ. ಊರಿನಲ್ಲಿ ಭೂಮಿ ಹುಣ್ಣಿಮೆ. ಹೊಡೆ ಬಂದ ಗದ್ದೆಗೆ ಬಯಕೆ ಊಟ ಬಡಿಸುವ ದಿನ. ಬೆಳಗಿನ ಜಾವ ಮೈದುನ ಬುಟ್ಟಿ ಹೊತ್ತು ಗದ್ದೆಗೆ ಹೋದ ವಿಡಿಯೋ ಕಳಿಸಿದ್ದ. ಇವರು ಅದನ್ನು ನಾಲ್ಕು ಸಲ ನೋಡಿ, ‘ಇವತ್ತು ಎಲ್ಲಾದ್ರೂ ಒಂದು ದೇವಸ್ಥಾನಕ್ಕೆ ಹೋಗ್ಬೇಕಲ್ಲ’ ಎಂದರು. ಸೈಗಾನ್‌ನ ನಟ್ಟ ನಡುವೆ ತ್ರುವಾಂಗ್ ದಿನ್ ಬೀದಿಯಲ್ಲಿ ಒಂದು ಮಾರಿಯಮ್ಮನ ಗುಡಿಯಿದೆ, 19ನೆಯ ಶತಮಾನದ ಕೊನೆಗೆ ವ್ಯಾಪಾರಕ್ಕೆ ಬಂದ ತಮಿಳರು ಕಟ್ಟಿದ್ದು. ತಮಿಳರು ಹೆಚ್ಚುಕಡಿಮೆ ಹೊರಟುಹೋದರು, ಅಮ್ಮ ಉಳಿದಳು. ಈಗ ಬರುವ ಭಕ್ತರೆಲ್ಲ ವಿಯೆಟ್ನಾಮಿನವರು. ಊದಿನಕಡ್ಡಿ ಹಚ್ಚುತ್ತಾರೆ, ಹೂವು ಇಡುತ್ತಾರೆ, ಆಮೇಲೆ ಗರ್ಭಗುಡಿಯ ಹಿಂದಿನ ಕಲ್ಲಿನ ಗೋಡೆಗೆ ಎರಡೂ ಅಂಗೈ ಮತ್ತು ಹಣೆ ಒತ್ತಿ ಪಿಸುಮಾತಿನಲ್ಲಿ ಅಮ್ಮನಿಗೆ ಹೇಳಿಕೊಳ್ಳುತ್ತಾರೆ. ಹಣೆ ತಾಗಿ ತಾಗಿ ಕಲ್ಲು ನುಣುಪಾಗಿದೆ. ಸಾಗರದ ಮಾರಿಕಾಂಬೆಯನ್ನು ಕಂಡು ಬೆಳೆದ ನಾವು ಅವರ ಸಾಲಿನಲ್ಲಿ ನಿಂತೆವು. ಇವರು ಹಣೆ ಒತ್ತಿ ಏನು ಹೇಳಿಕೊಂಡರೋ, ಬಹಳ ಹೊತ್ತು ಹಿಡಿಯಿತು.

ಹೊರಡುವಷ್ಟರಲ್ಲಿ ಮಳೆ. ಗುಡಿಯ ಜಗಲಿಯಲ್ಲಿ ಕೂತೆವು. ಪಕ್ಕದಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಸೇವಂತಿಗೆ. ಇವರನ್ನು ನೋಡಿ ಬೆರಳಾಡಿಸಿದರು. ಇವರಿಗೆ ತಕ್ಷಣ ತಿಳಿಯಿತು: ಆರು ಬೆರಳು, ಆಮೇಲೆ ಎರಡು. ಅಜ್ಜಿ ಏಳು ತೋರಿಸಿ, ನಾಲ್ಕು ತೋರಿಸಿದರು. ‘ಹಾಗಾದ್ರೆ ನೀವು ಅಕ್ಕ’ ಎಂದರು ಇವರು. ‘ಅಕ್ಕ’ ಎಂದು ಅಜ್ಜಿಯೂ ಅಂದು ನೋಡಿದರು. ಆಮೇಲೆ ಗೋಡೆ ತೋರಿಸಿ, ಮೊಣಕಾಲು ತೋರಿಸಿ, ಮಳೆಯ ಆಚೆ ಎಲ್ಲೋ ಕೈ ತೋರಿಸಿ ಬಹಳ ಹೊತ್ತು ಮಾತಾಡಿದರು. ಇವರು ‘ಹೌದಾ’, ‘ಅಯ್ಯೋ ಪಾಪ’ ಎನ್ನುತ್ತಾ ಕೂತಿದ್ದವರು, ಅವರು ನಿಲ್ಲಿಸಿದ ಮೇಲೆ ಭೂಮಿ ಹುಣ್ಣಿಮೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅಜ್ಜಿ ತಲೆದೂಗಿದರು.

‘ಏನಂದ್ರು?’ ಎಂದು ನಾನು ಕೇಳಿದೆ.

‘ಮೊಣಕಾಲು ನೋವಂತೆ. ಕಿರಿ ಮಗ ದೂರ ಇದಾನಂತೆ, ಫೋನು ಮಾಡದೇ ಕಡಿಮೆಯಂತೆ. ಮಳೆ ನಿಲ್ಲೋ ತನಕ ಹೊರಡಬೇಡಿ ಅಂದ್ರು.’

ಮಗ ಕಿರಿಯವನೆಂದು ಇವರಿಗೆ ಹೇಗೆ ತಿಳಿಯಿತೋ, ನಾನು ಕೇಳಲಿಲ್ಲ. ಅಜ್ಜಿ ಸೇವಂತಿಗೆಯ ಒಂದು ಕಡ್ಡಿ ಮುರಿದು ನನ್ನ ಕೈಗಿಟ್ಟರು. ಫೈಲನ್ನು ಇವರ ತೊಡೆಯ ಮೇಲಿಟ್ಟು ಹೂವನ್ನು ಮುಡಿದುಕೊಂಡೆ. ಮಳೆ ಇನ್ನೂ ಜೋರಾಗಿಯೇ ಇತ್ತು.